ಹೇಳಿದನು, ಹೇಳಿದರು: ಸಭೆಯ ಹಿರಿಯರಿಗೊಂದು ಬಹಿರಂಗ ಪತ್ರ

ನಮ್ಮ ಸಭಾಪಾಲಕರಿಗೆ, ಕಮಿಟಿಯ ಹಿರಿಯರಿಗೆ, ಹಾಗೆಯೇ ಇಂಥದ್ದೇ ಒಂದು ಜಗಳವನ್ನು ಮನೆಯಲ್ಲಿಟ್ಟುಕೊಂಡಿರುವ ಎಲ್ಲ ಕನ್ನಡ ಕ್ರೈಸ್ತ ಸಭೆಗಳವರಿಗೆ,

ಕರ್ತನ ಹೆಸರಿನಲ್ಲಿ ವಂದನೆಗಳು.

ನಾನು ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಗೆ ಬೈಬಲ್ ಪಾಠ ಓದುವವರ ಪಟ್ಟಿ ಬರೆಯುವವನು. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ದೊಡ್ಡ ಹುದ್ದೆಯೇನಲ್ಲ. ಯಾರ ಕಣ್ಣಿಗೆ ಆಪರೇಷನ್ ಆಗಿದೆ, ಯಾರು ನೆಬೂಕದ್ನೆಚ್ಚರನ ಹೆಸರು ಬಂದರೆ 'ಈ ವಾರ ಬೇಡ' ಅನ್ನುತ್ತಾರೆ, ಇಷ್ಟು ಗೊತ್ತಿದ್ದರೆ ಸಾಕು. ಆದರೆ ಕಳೆದ ವರ್ಷ ಶುರುವಾದ ಜಗಳ ನನ್ನ ಪಟ್ಟಿಯಿಂದಲೇ ಶುರುವಾಯಿತು. ಅದಕ್ಕೇ ಈ ಪತ್ರ.

ಆವತ್ತಿನ ಪಾಠ ಲೂಕ 19, ಮರ ಹತ್ತಿದ ಜಕ್ಕಾಯನ ಕಥೆ. ಓದಬೇಕಾದವರಿಗೆ ಜ್ವರ. ಹಾಸ್ಟೆಲ್‌ನಿಂದ ರಜೆಗೆ ಬಂದಿದ್ದ ನರ್ಸಿಂಗ್ ಓದುವ ಹುಡುಗಿಯೊಬ್ಬಳನ್ನು ಕೇಳಿದೆ. 'ಆಯ್ತು ಅಂಕಲ್' ಅಂದಳು. ಅವಳು ಮೊಬೈಲ್‌ನಲ್ಲಿ ಓದಿದಳು. ಅದರಲ್ಲಿದ್ದದ್ದು ಕಥೋಲಿಕರು ಜಾಸ್ತಿ ಬಳಸುವ ಅನುವಾದ. 'ಯೇಸು ಹೇಳಿದರು' ಎಂದು ಓದಿದಳು. ಎರಡನೇ ಬೆಂಚಿನಿಂದ ಒಬ್ಬ ಹಿರಿಯರು ಜೋರಾಗಿಯೇ 'ಹೇಳಿದನು' ಅಂದರು. ಅವಳು ನಿಲ್ಲಿಸಿದಳು. ತಲೆಯೆತ್ತಿ ಅವರ ಕಡೆ ನೋಡಿದಳು. ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಮತ್ತೆ ಅದೇ ಸಾಲಿಗೆ ಹೋಗಿ, ಮೆಲ್ಲಗೆ, 'ಹೇಳಿದರು' ಎಂದೇ ಓದಿದಳು.

ಅದು ಸೊಕ್ಕು ಅಂತ ಕೆಲವರು. ಹೆದರಿ ಪುಟದಲ್ಲಿದ್ದದ್ದನ್ನೇ ಓದಿದಳು ಅಂತ ಕೆಲವರು. ಬುಧವಾರ ಕಮಿಟಿ ಸೇರಿತು. ಎರಡೂವರೆ ತಾಸು ಮಾತಾಡಿದೆವು. ಆ ದಿನದ ಪಟ್ಟಿಯಲ್ಲಿ ಸಭಾಪಾಲಕರ ಮನೆಯ ಸೋರುವ ಮಾಡು ಇತ್ತು, ಇಬ್ಬರು ಮಕ್ಕಳ ಕಾಲೇಜು ಫೀಸು ಇತ್ತು. ಎರಡನ್ನೂ ಮುಂದಕ್ಕೆ ಹಾಕಿದೆವು. ಚಹಾ ಆರಿ ಕೆನೆ ಕಟ್ಟಿತು. ಭಾನುವಾರದ ಹೊತ್ತಿಗೆ ಸಭೆಯ ವಾಟ್ಸಾಪ್ ಗುಂಪು ಎರಡಾಗಿತ್ತು. ತಿಂಗಳೊಳಗೆ ಮೂರು ಮನೆಯವರು ಬೇರೆ ಸಭೆಗೆ ಹೋಗಲು ಶುರು ಮಾಡಿದರು. ಆ ಹುಡುಗಿ ಎಲ್ಲಿಗೂ ಹೋಗುತ್ತಿಲ್ಲ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು 'ಹೇಳಿದನು' ಪಕ್ಷ. ಆವತ್ತು ಕಮಿಟಿಗೆ ಕಿಟೆಲ್ ನಿಘಂಟನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ಯಾಕೆ ಅಂತ ಈಗ ಕೇಳಿದರೆ ನನಗೇ ಗೊತ್ತಿಲ್ಲ. ಅದರ ತೂಕ ನೋಡಿಯಾದರೂ ಎದುರಿನವರು ಸುಮ್ಮನಾಗಲಿ ಅಂತ ಇರಬೇಕು.

ಈಗ ಆ ಪ್ರತ್ಯಯದ ವಿಷಯ. ನಮ್ಮ ಹಳೆಯ ಬೈಬಲ್ ಅನುವಾದವಾದ ಸತ್ಯವೇದ ಓದಿ ಬೆಳೆದವರಿಗೆ ಯೇಸು 'ಆತನು'. ನಮ್ಮ ಭಾಷೆಯಲ್ಲಿ ದೇವರನ್ನು ಏಕವಚನದಲ್ಲಿ ಕರೆಯುವುದು ಹೊಸದೇನಲ್ಲ. ಶರಣರು ಶಿವನಿಗೆ 'ನೀನು' ಅಂದರು, ದಾಸರು ವಿಠಲನಿಗೆ 'ನೀನು' ಅಂದರು. ಎಷ್ಟೋ ಮನೆಗಳಲ್ಲಿ ಅವ್ವನಿಗೂ ನೀನು ಅಂತಲೇ ಅನ್ನುವುದು. ಅದು ಸಲುಗೆ, ಹತ್ತಿರ. ಕಥೋಲಿಕ ಮನೆಯಲ್ಲಿ ಬೆಳೆದವರಿಗೆ ಅದೇ ಕಿವಿಗೆ ಚುಚ್ಚುತ್ತದೆ. ಊರ ಮೇಷ್ಟರಿಗೆ 'ಬಂದರು' ಅನ್ನುವ ನೀವು ದೇವರ ಮಗನಿಗೆ 'ಬಂದನು' ಅನ್ನುತ್ತೀರಾ ಅಂತ ಅವರ ಪ್ರಶ್ನೆ. ಅದೂ ನ್ಯಾಯವೇ ಅಲ್ವಾ? ಸುವಾರ್ತೆಗಳನ್ನು ಬರೆದ ಗ್ರೀಕ್ ಭಾಷೆಯ ಕ್ರಿಯಾಪದದಲ್ಲಿ ಈ ಗೌರವದ ಬಹುವಚನವೇ ಇಲ್ಲ. ಲೂಕ ಈ ಪ್ರಶ್ನೆಯನ್ನು ಎದುರಿಸಲೇ ಇಲ್ಲ. ಇದು ಪೂರ್ತಿ ನಮ್ಮ ಕನ್ನಡದ್ದೇ ಸಮಸ್ಯೆ. ಸಮಸ್ಯೆ ಅನ್ನೋದಕ್ಕಿಂತ ಸಿರಿವಂತಿಕೆ ಅನ್ನಬಹುದು. ದೇವರ ಹತ್ತಿರ ಹೋಗಲು ನಮಗೆ ಎರಡು ಬಾಗಿಲಿವೆ.

ಹಾಗಂತ ಅಕ್ಷರಕ್ಕೆ ಯಾವತ್ತೂ ಜಗಳ ಆಡಬಾರದು ಅಂತ ನಾನು ಹೇಳುವುದಿಲ್ಲ. 2025ಕ್ಕೆ ನಿಕೇಯ ಮಹಾಸಭೆಗೆ 1700 ವರ್ಷ ತುಂಬಿತು. 325ರಲ್ಲಿ ಅಲ್ಲಿ ಸೇರಿದ ಬಿಷಪ್ಪರು, ಮಗನಾದ ಯೇಸು ತಂದೆಯಾದ ದೇವರೊಂದಿಗೆ ಒಂದೇ ತತ್ವ ಎಂದು ಬರೆದರು. ಮುಂದಿನ ಕೆಲವು ದಶಕ ಕೆಲವರು 'ಒಂದೇ' ಬೇಡ, 'ಒಂದರಂತೆ' ಅನ್ನೋಣ ಅಂದರು. ಗ್ರೀಕಿನಲ್ಲಿ ಈ ಎರಡು ಪದಗಳ ನಡುವೆ ಒಂದೇ ಒಂದು ಅಕ್ಷರದ ವ್ಯತ್ಯಾಸ, ಅದೂ ಅತಿ ಸಣ್ಣ ಅಕ್ಷರ, ಇಯೋಟ. ಆದರೆ ಆ ಅಕ್ಷರದ ಮೇಲೆ ನಿಂತಿದ್ದದ್ದು ದೊಡ್ಡದು. ಶಿಲುಬೆಯ ಮೇಲಿದ್ದದ್ದು ದೇವರೇನಾ, ದೇವರಂಥ ಇನ್ನೊಬ್ಬರಾ ಅನ್ನುವ ಪ್ರಶ್ನೆ ಅದು. ಆ ಜಗಳ ಆಡಬೇಕಿತ್ತು, ಆಡಿದರು. ನಮ್ಮ 'ನು' ಮತ್ತು 'ರು' ಮೇಲೆ ಏನು ನಿಂತಿದೆ? ಎರಡನ್ನು ಓದಿದರೂ ಜಕ್ಕಾಯ ಮರದಿಂದ ಇಳಿಯುತ್ತಾನೆ, ಯೇಸು ಅವನ ಮನೆಗೆ ಊಟಕ್ಕೆ ಹೋಗುತ್ತಾನೆ. ಅಥವಾ ಹೋಗುತ್ತಾರೆ.

ಅಪೊಸ್ತಲ ಪೌಲನನ್ನು ನೋಡಿ. ಊಟದ ವಿಷಯಕ್ಕೆ ಅವನು ಎರಡು ಕಡೆ ಎರಡು ಥರ ನಡೆದುಕೊಂಡ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ, ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಬರೀ ಕಾಯಿಪಲ್ಯ ತಿನ್ನುತ್ತಾನೆ, ಇಬ್ಬರೂ ಒಬ್ಬರನ್ನೊಬ್ಬರು ಹೀನಾಯ ಮಾಡಬೇಡಿ ಅನ್ನುತ್ತಾನೆ. ಒಬ್ಬನಿಗೆ ಒಂದು ದಿನ ದೊಡ್ಡದು, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ, ಇರಲಿ ಬಿಡಿ ಅನ್ನುತ್ತಾನೆ. ಅದೇ ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರೆದುರಿಗೆ ತರಾಟೆಗೆ ತೆಗೆದುಕೊಂಡ. ಅಲ್ಲೂ ವಿಷಯ ಊಟವೇ. ಆದರೆ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದು ಹೋಗಿದ್ದ. ತಟ್ಟೆಯಲ್ಲಿ ಏನಿದೆ ಅನ್ನೋದನ್ನು ಪೌಲ ಬಿಟ್ಟುಕೊಟ್ಟ. ಪಕ್ಕದಲ್ಲಿ ಯಾರು ಕೂರಬಹುದು ಅನ್ನೋದನ್ನು ಬಿಟ್ಟುಕೊಡಲಿಲ್ಲ. ಇಷ್ಟು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಸಣ್ಣ ವಿಷಯ ಯಾವುದು, ದೊಡ್ಡದು ಯಾವುದು ಅಂತ ಕೇಳಿದರೆ ನಾನೀಗ ಪಂಕ್ತಿ ನೋಡುತ್ತೇನೆ. ಈ ಭೇದ ಇಟ್ಟುಕೊಂಡೇ ಒಟ್ಟಿಗೆ ಕೂರಬಹುದಾದರೆ ಅದು ಸಣ್ಣದು. ಯಾರನ್ನಾದರೂ ಎಬ್ಬಿಸಿ ಕಳಿಸುವುದಾದರೆ, ಆ ಎಬ್ಬಿಸುವುದೇ ದೊಡ್ಡದು.

ಹಾಗೆ ಕೂತವರೂ ಇದ್ದಾರೆ. ಸುಮಾರು 155ರಲ್ಲಿ ಸ್ಮುರ್ನ ಊರಿನ ಬಿಷಪ್ ಪೊಲಿಕಾರ್ಪರು ರೋಮಿಗೆ ಹೋದರು. ಆಗ ಅವರು ಹಣ್ಣು ಹಣ್ಣು ಮುದುಕರು. ಅವರ ಕಡೆಯವರು ಯೆಹೂದ್ಯರ ಪಸ್ಕದ ದಿನವೇ ಈಸ್ಟರ್ ಹಬ್ಬ ಮಾಡುತ್ತಿದ್ದರು, ಯಾವ ವಾರ ಬಂದರೂ ಸರಿ. ರೋಮಿನವರಿಗೆ ಭಾನುವಾರವೇ ಆಗಬೇಕು. ರೋಮಿನ ಬಿಷಪ್ ಅನಿಸೇಟಸ್ ಮತ್ತು ಪೊಲಿಕಾರ್ಪ ಕೂತು ಮಾತಾಡಿದರು. ಇವರು ಅವರನ್ನು ಒಪ್ಪಿಸಲಾಗಲಿಲ್ಲ, ಅವರು ಇವರನ್ನು ಒಪ್ಪಿಸಲಾಗಲಿಲ್ಲ. ಮಾತು ಮುಗಿದ ಮೇಲೆ ಅನಿಸೇಟಸ್ ತಮ್ಮ ಸಭೆಯಲ್ಲಿ ಕರ್ತನ ಭೋಜನ ನಡೆಸಿಕೊಡುವ ಗೌರವವನ್ನು ಪೊಲಿಕಾರ್ಪರಿಗೇ ಬಿಟ್ಟುಕೊಟ್ಟರು. ಸಮಾಧಾನದಲ್ಲಿ ಬೀಳ್ಕೊಟ್ಟರು. ಸುಮಾರು 35 ವರ್ಷದ ಮೇಲೆ ರೋಮಿಗೆ ವಿಕ್ಟರ್ ಎಂಬ ಬಿಷಪ್ ಬಂದರು. ಅದೇ ದಿನದ ವಿಷಯಕ್ಕೆ ಪೊಲಿಕಾರ್ಪರ ಕಡೆಯ ಏಷ್ಯದ (ಈಗಿನ ಟರ್ಕಿಯ ಪಶ್ಚಿಮ ಭಾಗ) ಸಭೆಗಳನ್ನೆಲ್ಲ ಹೊರಗೆ ಹಾಕಲು ಹೊರಟರು. ಆಗ ಲಿಯಾನ್ ಊರಿನ ಬಿಷಪ್ ಐರೇನಿಯಸ್ ಒಂದು ಕಾಗದ ಬರೆದು ಪೊಲಿಕಾರ್ಪರ ಈ ಕಥೆಯನ್ನೇ ನೆನಪಿಸಿದರು. ಐರೇನಿಯಸ್ ಸಹ ಭಾನುವಾರದ ಪಕ್ಷದವರೇ ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ತಮ್ಮ ಪಕ್ಷ ಸರಿ ಅಂತಲೇ ಅಂದುಕೊಂಡು, ಎದುರು ಪಕ್ಷದವರಿಗಾಗಿ ಬರೆದರು. ಹಬ್ಬದ ಮುಂಚಿನ ಉಪವಾಸದಲ್ಲಿ ನಮಗಿರುವ ವ್ಯತ್ಯಾಸವೇ ನಂಬಿಕೆಯಲ್ಲಿ ನಾವು ಒಂದೆಂದು ಗಟ್ಟಿಮಾಡುತ್ತದೆ ಎಂಬ ಅರ್ಥದ ಮಾತು ಆ ಕಾಗದದಲ್ಲಿದೆ.

ಇದೆಲ್ಲ ಹಳೆಯ ಕಾಲದ್ದು ಅಂದುಕೊಳ್ಳಬೇಡಿ. 2022ರ ಕ್ರಿಸ್ಮಸ್ ಹತ್ತಿರ ಬಂದಾಗ ಕೇರಳದ ಎರ್ನಾಕುಲಂ ಬೆಸಿಲಿಕಾದೊಳಗೆ, ಬಲಿಪೀಠದ ಹತ್ತಿರವೇ ತಳ್ಳಾಟ ನಡೆದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಪೂಜೆಯ ಹೊತ್ತಿನಲ್ಲಿ ಗುರುಗಳು ಜನರ ಕಡೆ ಮುಖ ಮಾಡಬೇಕೋ, ಪೀಠದ ಕಡೆಯೋ ಅನ್ನುವುದು ಜಗಳ. ಹೊರಗಿನವನಾದ ನನಗೆ ಅದು ಸಣ್ಣದಾಗಿ ಕಂಡಿತು. ನಕ್ಕೆ ಕೂಡ. ಆಮೇಲೆ ನಮ್ಮ 'ನು-ರು' ಕಥೆಯನ್ನು ಒಬ್ಬ ಮಲಯಾಳಿ ಸ್ನೇಹಿತನಿಗೆ ಹೇಳಿದಾಗ ಅವನೂ ನಕ್ಕ.

ನಮ್ಮ ಪ್ರೊಟೆಸ್ಟಂಟ್ ಮನೆತನದ ಕಥೆಗೆ ಬರೋಣ. 1529ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ಸುಧಾರಕರಾದ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರು ಬದುರು ಕೂತರು. 15 ವಿಷಯ ಬರೆದರು. 14ಕ್ಕೆ ಇಬ್ಬರೂ ಒಪ್ಪಿದರು. 15ನೆಯದರಲ್ಲೂ ಜಾಸ್ತಿ ಭಾಗ ಒಪ್ಪಿದರು. ಉಳಿದದ್ದು ಒಂದು: ಕರ್ತನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನ ದೇಹ ಮತ್ತು ರಕ್ತ ಇರುವುದು ಹೇಗೆ ಅನ್ನುವುದು. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ 'ಇದು ನನ್ನ ದೇಹ' ಎಂದು ಲ್ಯಾಟಿನ್‌ನಲ್ಲಿ ಬರೆದುಕೊಂಡು ಕೂತಿದ್ದರಂತೆ. (ನೋಡಿ, ಲೂಥರ್‌ಗೆ ನಾನು ಬಹುವಚನ ಕೊಡುತ್ತೇನೆ, ಪೌಲನಿಗೆ ಏಕವಚನ. ಬರೆಯುತ್ತಾ ಬರೆಯುತ್ತಾ ನನಗೇ ವಿಚಿತ್ರ ಅನ್ನಿಸುತ್ತಿದೆ.) ಕೊನೆಗೆ ಜ್ವಿಂಗ್ಲಿ ಕಣ್ಣೀರಿಟ್ಟು ಕೈ ಚಾಚಿದರು. ಲೂಥರ್ ಅವರನ್ನು ಸಹೋದರರೆಂದು ಒಪ್ಪಲಿಲ್ಲ. ವಿಷಯ ಸಣ್ಣದೇನೂ ಅಲ್ಲ, ಒಪ್ಪುತ್ತೇನೆ. ಆದರೂ ಎಲ್ಲರೂ ಒಟ್ಟಿಗೆ ಕೂರಲಿ ಅಂತ ಯೇಸು ಕೊಟ್ಟ ಊಟದ ವಿಷಯಕ್ಕೇ ಅವರು ಬೇರೆಯಾದರು.

ಮುಂದಿನದು ನಮ್ಮವರಿಗೇ ಗೊತ್ತಿರಬೇಕಾದ ಕಥೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಒಂದು ಮಿಷನ್ ಶುರುವಾಯಿತು. ಅದರಲ್ಲಿ ಲೂಥರ್ ಕಡೆಯ ವ್ಯೂರ್ಟೆಂಬರ್ಗ್ ಜರ್ಮನರೂ ಇದ್ದರು, ಜ್ವಿಂಗ್ಲಿ ಕಡೆಯ ಸ್ವಿಸ್ಸರೂ ಇದ್ದರು. 1834ರಲ್ಲಿ ಆ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಮಾರ್ಬುರ್ಗಿನಲ್ಲಿ ಕೈ ಹಿಡಿಯದೆ ಎದ್ದು ಹೋದವರ ಮಕ್ಕಳು ಮೊಮ್ಮಕ್ಕಳು ಒಂದೇ ಡಬ್ಬಿಗೆ ಕಾಣಿಕೆ ಹಾಕಿ ಅವರನ್ನು ಹಡಗು ಹತ್ತಿಸಿದ್ದರು. ಆಮೇಲಿನದು ನಿಮಗೆ ಗೊತ್ತೇ ಇದೆ. 1843ರಲ್ಲಿ ಮೊಗ್ಲಿಂಗರ ಮಂಗಳೂರ ಸಮಾಚಾರ, 1894ರಲ್ಲಿ ಅದೇ ಮಿಷನ್ನಿನ ಕಿಟೆಲರ ನಿಘಂಟು, ನಾನು ಚೀಲದಲ್ಲಿ ಹೊತ್ತುಕೊಂಡು ಹೋದದ್ದು. ಜಗಳ ಬದಿಗಿಟ್ಟವರು ಮಾಡಿದ ಪುಸ್ತಕವನ್ನು ನಾನು ಜಗಳಕ್ಕೆ ತೆಗೆದುಕೊಂಡು ಹೋಗಿದ್ದೆ.

ಆಮೇಲೆ 1947. ಸ್ವಾತಂತ್ರ್ಯ ಬಂದು ಆರು ವಾರ. ಉತ್ತರದಲ್ಲಿ ದೇಶ ಹೋಳಾಗಿ ರಕ್ತ ಹರಿಯುತ್ತಿತ್ತು. ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನರು, ಮೆಥಡಿಸ್ಟರು ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಯವರು ಸೇರಿ ಒಂದೇ ಸಭೆಯಾದರು. ಅದೇ ನಮ್ಮ ಸಿಎಸ್‌ಐ, ಚರ್ಚ್ ಆಫ್ ಸೌತ್ ಇಂಡಿಯಾ. ಬಿಷಪ್ ಇರಲೇಬೇಕು ಅನ್ನುವವರೂ ಬಿಷಪ್ಪೇ ಬೇಡ ಅನ್ನುವವರೂ ಒಂದೇ ಕಡೆ ಸೇರಿದ್ದು ಲೋಕದಲ್ಲಿ ಆವರೆಗೆ ನಡೆದಿರಲಿಲ್ಲ. ಇದು ಒಂದು ದಿನದ ಉತ್ಸಾಹವಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆಂಗ್ಲಿಕನ್ ಬಿಷಪ್ ಅಜರಯ್ಯ ಮತ್ತಿತರರು ಕೂತಾಗಿನಿಂದ 28 ವರ್ಷದ ಮಾತುಕತೆ. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು, ಆ ದಿನ ನೋಡಲಿಲ್ಲ.

ಅವರು ಎಲ್ಲರ ಆರಾಧನೆಯನ್ನೂ ಒಂದೇ ಅಚ್ಚಿಗೆ ಹೊಯ್ಯಲಿಲ್ಲ. ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಪದ್ಧತಿಯನ್ನು ಹೇರುವುದಿಲ್ಲ, ಅಧಿಕಾರದಿಂದಾಗಲಿ ಬಹುಮತದಿಂದಾಗಲಿ ಯಾರ ಮನಸ್ಸಾಕ್ಷಿಯನ್ನೂ ತುಳಿಯುವುದಿಲ್ಲ ಎಂದು ಮಾತು ಕೊಟ್ಟುಕೊಂಡರು. ಬಿಷಪ್ಪರ ಕೈಯಿಂದ ಅಭಿಷೇಕ ಆಗದ ಬೋಧಕರನ್ನೂ ಹಾಗೆಯೇ ಒಪ್ಪಿಕೊಂಡರು, 30 ವರ್ಷ ಆದಮೇಲೆ ಮುಂದಿನದು ನೋಡೋಣ ಅಂದರು. ಎಂಥಾ ಮಾತು! ನಾವು ಬುಧವಾರ ಶುರುವಾದ ಜಗಳವನ್ನು ಭಾನುವಾರದೊಳಗೆ ತೀರ್ಮಾನ ಮಾಡಬೇಕು ಅಂತ ಕೂತಿದ್ದೆವು.

ನನ್ನ ಪಕ್ಷದವರಿಗೂ ಎದುರು ಪಕ್ಷದವರಿಗೂ ಇಲ್ಲಿಯವರೆಗೆ ಹೇಳಿದ್ದು ಹಿತವಾಗಿ ಕೇಳಿರಬಹುದು. ಇನ್ನೊಂದು ಮಾತಿದೆ. ಅದು ಹಿರಿಯರಿಗೆ ಹಿತವಾಗಲಿಕ್ಕಿಲ್ಲ. 'ಸಣ್ಣ ವಿಷಯ, ಒಗ್ಗಟ್ಟು ಕೆಡಿಸಬೇಡಿ' ಅನ್ನುವ ಮಾತನ್ನು ನಾನು ಜಾಸ್ತಿ ಕೇಳಿರುವುದು ಯಾರಾದರೂ ಲೆಕ್ಕ ಕೇಳಿದಾಗ. ಸುಗ್ಗಿ ಹಬ್ಬದ ಹರಾಜಿನ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದವರು ಐಕ್ಯತೆಯ ಶತ್ರುಗಳು. ಜಾತಿಯ ಮಾತು ಎತ್ತಿದವರೂ ಅಷ್ಟೇ. ತಿರುಚಿನಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರೆ ಮಾಡುವ ಗೋಡೆಯ ಸುದ್ದಿ ಎಷ್ಟು ಸಲ ಬಂದಿದೆ! ಪಂಕ್ತಿಯಿಂದ ಎಬ್ಬಿಸುವುದು ಬದುಕಿದ್ದಾಗ, ಇದು ಸತ್ತ ಮೇಲೂ. ಇದನ್ನು ಸಣ್ಣದು ಅನ್ನುವವರ ಒಗ್ಗಟ್ಟು ನನಗೆ ಬೇಡ.

ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ಗೊಣಗಾಟ ಎದ್ದಿತು. ಭಾಷೆಯ ಜಗಳ, ಅನ್ನದ ಜಗಳ, ಎರಡೂ ಸೇರಿತ್ತು. ಅಪೊಸ್ತಲರು 'ಸುಮ್ನಿರಿ' ಅನ್ನಲಿಲ್ಲ. ಏಳು ಜನರನ್ನು ಆರಿಸಿರಿ ಅಂದರು. ಆರಿಸಿದ್ದು ಯಾರನ್ನು? ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಬಡಿಸುವ ಸೌಟು ಕೊಟ್ಟರು.

ಇನ್ನೊಂದು ಗಮನಿಸಿದ್ದೀರಾ? ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 11ನೇ ಅಧ್ಯಾಯ. ಅದರ ಮೊದಲ ಅರ್ಧದಲ್ಲಿ ಹೆಂಗಸರ ಮುಸುಕಿನ ವಿಷಯ. ಎರಡನೇ ಅರ್ಧದಲ್ಲಿ ಕರ್ತನ ಭೋಜನಕ್ಕೆ ಬಂದು ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಅನ್ನುವ ವಿಷಯ. ನನ್ನ ಅರವತ್ತು ವರ್ಷದಲ್ಲಿ ಮುಸುಕಿನ ಬಗ್ಗೆ, ಹೂವಿನ ಬಗ್ಗೆ, ಬಳೆಯ ಬಗ್ಗೆ ಎಷ್ಟು ಸಭೆಗಳಲ್ಲಿ ಎಷ್ಟು ಮಾತು ಕೇಳಿದ್ದೇನೋ ಲೆಕ್ಕವಿಲ್ಲ. ಅದೇ ಅಧ್ಯಾಯದ ಹಸಿದವನ ಬಗ್ಗೆ ಒಂದು ಕಮಿಟಿ ಮೀಟಿಂಗೂ ನೆನಪಿಲ್ಲ.

ದೀಕ್ಷಾಸ್ನಾನಕ್ಕೆ ಚಿಮುಕಿಸಬೇಕೋ ಮುಳುಗಿಸಬೇಕೋ ಅನ್ನುವುದನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದರಲ್ಲಿ ಮನಸ್ಸಾಕ್ಷಿಯಿಂದ ಬೇರೆ ನಿಂತ ಸ್ನೇಹಿತರು ನನಗಿದ್ದಾರೆ. ಅವರ ಮನೆಯಲ್ಲಿ ಊಟ ಮಾಡುತ್ತೇನೆ, ವಾದವನ್ನೂ ಮಾಡುತ್ತೇನೆ.

ನಾನು ಕೇಳುವುದು ಇಷ್ಟೇ. ಬರುವ ಕಮಿಟಿಯಲ್ಲಿ ಮಾಡಿನ ರಿಪೇರಿ ಮತ್ತು ಆ ಇಬ್ಬರು ಮಕ್ಕಳ ಫೀಸು ಮೊದಲು ಬರಲಿ. ಒಬ್ಬ ಹುಡುಗನ ಕಾಲೇಜು ದಂಡ ಸೇರಿಸಿ ಕೇಳುತ್ತಿದೆ. ಪಾಠ ಓದುವವರು ಸತ್ಯವೇದವನ್ನಾಗಲಿ ಹೊಸ ಅನುವಾದವನ್ನಾಗಲಿ ತಮ್ಮ ಕೈಯಲ್ಲಿರುವುದನ್ನು ಓದಲಿ. ಓದುವಾಗ ಬೆಂಚಿನಿಂದ ಯಾರೂ ತಿದ್ದಬಾರದು, ಅದಕ್ಕೊಂದು ನಿರ್ಣಯ ಬರೆಯಿರಿ. ಅದರ ಕೆಳಗೆ ಮೊದಲ ಸಹಿ ನಾನು ಹಾಕುತ್ತೇನೆ. ಹೊರಗೆ ಹೋದ ಮೂರು ಮನೆಗೆ ಹಿರಿಯರು ಹೋಗಬೇಕು. ವಾಪಸ್ ಬನ್ನಿ ಅಂತ ಹೇಳಲು ಅಲ್ಲ, ಸುಮ್ನೆ ಚಹಾ ಕುಡಿದು ಬರಲು. ಎರಡನೇ ಬೆಂಚಿನ ಹಿರಿಯರ ಮೇಲೆ ಯಾರೂ ಸಿಟ್ಟಿಟ್ಟುಕೊಳ್ಳಬೇಡಿ. ಅವರು ನಲವತ್ತು ವರ್ಷ ನಮ್ಮ ಗಂಟೆ ಬಾರಿಸಿದವರು. ಅವರ ತಾಯಿ ಓದಿಸಿದ ಪುಸ್ತಕದಲ್ಲಿ 'ಹೇಳಿದನು' ಎಂದೇ ಇತ್ತು.

ಮುಂದಿನ ತಿಂಗಳ ಪಟ್ಟಿ ನಿನ್ನೆ ಬರೆದೆ. ಮೂರನೇ ಭಾನುವಾರದ ಜಾಗ ಖಾಲಿ ಬಿಟ್ಟಿದ್ದೇನೆ. ಆ ಹುಡುಗಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಶನಿವಾರ ಅವಳಿಗೆ ರಜೆಯಂತೆ. ಹಾಸ್ಟೆಲ್ ಹತ್ತಿರ ಹೋಗಿ ಕೇಳುತ್ತೇನೆ.

ಇತಿ,
ಪಾಠ ಓದುವವರ ಪಟ್ಟಿ ಬರೆಯುವವನು